ಆಲೂಗಡ್ಡೆ ತುಳಿಯುವ ಬೆಳಗು

ಬಸ್ಸು ಏರತೊಡಗಿದಂತೆ ಒಬ್ಬೊಬ್ಬರೇ
ಚೀಲ ಬಿಚ್ಚಿ ಸ್ವೆಟರ್ ತೆಗೆದರು.
ನಾನು ಬಿಂಕದಲ್ಲಿ ತೆಳುರವಿಕೆಯಲ್ಲೇ ಕೂತೆ
ಕೊಚಬಾಂಬಾ ದಾಟುವತನಕ.
ಈ ಚಳಿಯಲ್ಲೇ ಹುಟ್ಟಿದವಳು, ನನಗೇನು?
ಆಮೇಲೆ ಪಕ್ಕದ ಸೀಟಿನ ಮುದುಕ
ಕೇಳದೆಯೇ ತನ್ನ ಕಂಬಳಿಯ ಅರ್ಧ
ನನ್ನ ಮೊಣಕಾಲಿಗೆ ಎಳೆದು
‘ಕೆಳಗಿನವಳೇನಮ್ಮಾ?’ ಎಂದ.

ಹತ್ತೊಂಬತ್ತು ವರ್ಷ
ಸಾಂತಾಕ್ರೂಸಿನ ಸಂತೆಯಲ್ಲಿ ಕಿತ್ತಳೆ ಹಿಂಡಿದ್ದೇನೆ.
ತಗಡಿನ ಸೂರಿನಡಿ ಮಧ್ಯಾಹ್ನವೆಂದರೆ
ಮೈಮೇಲೆ ಬಂದು ಮಲಗಿದ ದಪ್ಪ ನಾಯಿ.
ಮೊದಲ ವರ್ಷ ಬೆವರುತ್ತ ಅಳುತ್ತಿದ್ದೆ,
ಎರಡನೆಯ ವರ್ಷ ಬರೀ ಬೆವರಿದೆ,
ಆಮೇಲಿನದು ಲೆಕ್ಕಕ್ಕಿಲ್ಲ.
ಗಿರಾಕಿಗಳು ಮಾತ್ರ ಇವತ್ತಿಗೂ ‘ಏ ಕೊಯಾ’ ಅಂತಲೇ:
ಗುಡ್ಡದವಳೇ, ಸಕ್ಕರೆ ಕಡಿಮೆ.
ಗುಡ್ಡದವಳೇ, ಚಿಲ್ಲರೆ ಕೊಡು.

ಹೋದ ವರ್ಷ ದಕ್ಷಿಣದ ಗಾಳಿ ಬೀಸಿದ ದಿನ
ಹದಿನೈದು ಡಿಗ್ರಿ, ಅಷ್ಟೇ.
ಅಂಗಡಿಗೆ ಪರದೆ ಎಳೆದು ಮನೆಗೋಡಿ
ಕಾಲುಚೀಲ ಹುಡುಕಿದೆ.
ಮಗಳು ಯೆಸೇನಿಯಾ ಬಾಗಿಲಿಗೊರಗಿ ನಕ್ಕಳು,
‘ಅಮ್ಮಾ, ಹಿಮದ ಮೇಲೆ ಬರಿಗಾಲಲ್ಲಿ
ಆಲೂಗಡ್ಡೆ ತುಳಿದ ಕತೆ ಹೇಳ್ತಿದ್ದೆಯಲ್ಲ?’
ಕತೆ ನಿಜ.
ಕಾಲು ಬೇರೆ.

ಜೂನ್ ತಿಂಗಳು. ಒರುರೊ ದಾಟಿ ಇನ್ನೂ ಮೂರು ತಾಸು.
ಅಕ್ಕ ಎಪಿಫಾನಿಯಾ ಹೇಳಿಕಳಿಸಿದ್ದಳು:
ಭಾವನ ಸೊಂಟ ಬಿದ್ದಿದೆ, ಎರಡು ಕಾಲು ಕಡಿಮೆ, ಬಾ.
ರಾತ್ರಿ ಬಯಲ ತುಂಬ ಆಲೂಗಡ್ಡೆ ಹರವಿದೆವು
ನಕ್ಷತ್ರಗಳ ಕೆಳಗೆ, ಹೆಪ್ಪುಗಟ್ಟಲೆಂದು.
ಐದು ಕಂಬಳಿಯ ಅಡಿಯಲ್ಲಿ ನಾನೂ ಹರವಿಕೊಂಡೆ.
ಮೂಗಿನ ತುದಿ ಯಾರದೋ.
ಹಲ್ಲು ತಮ್ಮಷ್ಟಕ್ಕೆ ಜಗಳಕ್ಕೆ ಬಿದ್ದಿದ್ದವು.
ಬಕೆಟ್ಟಿನ ನೀರು ಟಿಕ್ಕೆಂದು ಬಿರಿದದ್ದು ಕೇಳಿಸಿತು.
ಪಕ್ಕದಲ್ಲಿ ಅಕ್ಕ,
ಒಂದು ತೋಳು ಹೊರಗೆ ಚಾಚಿ, ಬೇಸಗೆಯಲ್ಲಿ ಮಲಗಿದವಳ ಹಾಗೆ.

ಬೆಳಗ್ಗೆ ಬಿಸಿಲು ಸೋಕಿ ಗಡ್ಡೆಗಳು ಮೆತ್ತಗಾದವು.
ಗುಪ್ಪೆ ಮಾಡಿ ಎಲ್ಲರೂ ಹತ್ತಿದರು
ಹಿಮ್ಮಡಿ ತಿರುವುತ್ತ, ಏನೇನೋ ಊರ ಸುದ್ದಿ ಆಡುತ್ತ.
ಸಿಪ್ಪೆ ಜಾರಿ ನೀರು ಒಸರಿತು.
ಅದನ್ನು ನೀರೆನ್ನುವುದು ತಪ್ಪು,
ಕರಗಿಯೂ ರಾತ್ರಿಯನ್ನು ಬಿಡದ ಏನೋ ಅದು.
ಒಂದು ಹೆಜ್ಜೆ. ಎರಡು. ನಾಲ್ಕಕ್ಕೆ ಉರಿ.
ಏಳಕ್ಕೆ ನನಗೆ ಕಾಲೇ ಇಲ್ಲ,
ಮೊಣಕಾಲಿನಿಂದ ಕೆಳಗೆ ಎರಡು ಕೊರಡು.
ಅಕ್ಕನ ಮಗ ವಿಲ್ಮರ್ ರಬ್ಬರ್ ಬೂಟು ತಂದ.
ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು:
ಬೂಟು ಹಾಕಿ ಯಾರಾದರೂ ತುಳಿಯುತ್ತಾರೆಯೇ!
‘ಚಿಕ್ಕಮ್ಮ ಕಾಂಬಾ ಆಗಿಬಿಟ್ಟಳು,
ಕೆಳನಾಡಿನವಳು.’

ಅಕ್ಕ ನನ್ನನ್ನು ಗೋಡೆಯ ಮರೆಗೆ ಎಳೆದೊಯ್ದು ಕೂರಿಸಿ
ನಾಲ್ಕು ಪದರ ಲಂಗವನ್ನೆತ್ತಿ
ನನ್ನೆರಡು ಪಾದ ತನ್ನ ಹೊಟ್ಟೆಗೆ ಒತ್ತಿಕೊಂಡಳು.
ಆಗ ಗೊತ್ತಾಯಿತು. ಅವಳ ಹೊಟ್ಟೆ ನಡುಗಿತು.
‘ನಿನಗೂ ಚಳಿಯಾಗುತ್ತಾ?’ ಅಂದೆ.
‘ಮತ್ತೆ? ನಾನೇನು ಕಲ್ಲೇ?’
ಲಾಮಾ ಹಿಕ್ಕೆಯ ಹೊಗೆಯತ್ತ ಮುಖ ತಿರುಗಿಸಿ
‘ಇಲ್ಲಿ ಯಾರೂ ಹೇಳೋದಿಲ್ಲ, ಅಷ್ಟೇ.
ನೀನೂ ಹೇಳ್ತಿರಲಿಲ್ಲ.
ರಾತ್ರಿ ನನ್ನ ಜಡೆ ಹಿಡಕೊಂಡು ನಡುಗ್ತಿದ್ದೆ.’

ನನಗೆ ನೆನಪಿಲ್ಲ.
ಜಡೆ ನೆನಪಿದೆ, ಎಣ್ಣೆ ಹೊಗೆಯ ವಾಸನೆ.

ಇಳಿವ ಬಸ್ಸಿನಲ್ಲಿ ಒಂದೊಂದೇ ಕಳಚಿದೆ.
ಕಾಲಡಿ ಹೋದ ವರ್ಷದ ಒಣಗಡ್ಡೆಯ ಮೂಟೆ,
ನೋಡಲು ಕಪ್ಪು ಕಲ್ಲು, ಎತ್ತಿದರೆ ಹತ್ತಿ.
ಎಡಗಾಲಿನ ಕಿರುಬೆರಳಿಗೆ ಇನ್ನೂ ಜೀವ ಬಂದಿಲ್ಲ.

ಇವತ್ತು ಮೂವತ್ತಾರು ಡಿಗ್ರಿ.
ಕಾಯಂ ಗಿರಾಕಿ ಬಂದ, ಲಾರಿಯವನು.
‘ಗುಡ್ಡದವಳೇ, ಐಸು ಜಾಸ್ತಿ ಹಾಕು, ನಿನಗೇನು.’
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಡಬ್ಬಿಯನ್ನೇ ಅವನ ಕಡೆ ತಳ್ಳಿದೆ.
‘ಕೈ ಕೊರೆಯುತ್ತೆ ಕಣಯ್ಯ,
ನೀನೇ ಹಾಕ್ಕೋ.’