ಒಳಗೆ ಬಂದೆ

ಆದವಾನಿಯ ಹತ್ತಿ ಮಾರ್ಕೆಟ್ಟು, ಮೂರನೇ ಗೇಟು.
ತೂಕದ ಯಂತ್ರ ರಿಪೇರಿ ನನ್ನ ಕಸುಬು.
ತಕ್ಕಡಿಗೂ ಕಂಪ್ಯೂಟರಿಗೂ ನಡುವೆ
ಹೆಬ್ಬೆರಳಿನಷ್ಟು ಒಂದು ಚಿಪ್ಪು,
ಆ ಚಿಪ್ಪಿನ ಮಾತು ತಿಳಿಸಿ ಹೇಳಲು ಒಂದು ಡ್ರೈವರ್,
ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು.
ಬೀದಿ ನಲ್ಲಿಯ ಹಾಗೆ, ಯಾರು ಬೇಕಾದರೂ ತಿರುಗಿಸಬಹುದು.

ತಿರುಗಿಸಿದರೆ ನೀರಿಗಿಂತ ಮೊದಲು ಮಾತು.

"ಒಳಗೆ ಬಂದೆ" ಅನ್ನುತ್ತದೆ.
"ಹೊರಗೆ ಹೋದೆ" ಅನ್ನುತ್ತದೆ.
ಒಂದೆಳೆ ಹತ್ತಿ ಹಾರಿಬಂದು ತಟ್ಟೆ ಮೇಲೆ ಕೂತರೂ
ಒಳಗೆ ಬಂದೆ, ಹೊರಗೆ ಹೋದೆ,
ಹೊಸ ಅಳಿಯ ಹೊಸ್ತಿಲಲ್ಲಿ ಕೆಮ್ಮಿದ ಹಾಗೆ.
"ಇಲ್ಲಿ ಒಂದು", "ಇಲ್ಲಿ ಎರಡು", ಆಮೇಲೆ "ಇಲ್ಲಿ ನಾಲ್ಕು".
ಮೂರು ಎಲ್ಲಿ ಹೋಯಿತೋ ಬರೆದವನಿಗೇ ಗೊತ್ತು.
"ತಪ್ಪಾಗಿದೆ" ಎಂದೊಂದು ಸಾಲು:
ಏನು ತಪ್ಪು, ಯಾರದು, ಕೇಳಬೇಡಿ.

ದೀಪಾವಳಿ ಮುಗಿದ ಸೋಮವಾರ
ಗೇಟಿನಾಚೆಗೂ ಗಾಡಿ ಸಾಲು ನಿಂತ ದಿನ
ತಕ್ಕಡಿ ಸೊನ್ನೆ ತೋರಿಸಿ ಕೂತುಬಿಟ್ಟಿತು.
ಕೌತಾಳದ ಸುಂಕಮ್ಮ,
"ನನ್ನ ಹತ್ತಿಗೆ ತೂಕಾನೇ ಇಲ್ಲೇನಪ್ಪ?" ಅಂದಳು.
ಯಾರೂ ನಗಲಿಲ್ಲ.
ದಾಖಲೆ ತೆರೆದೆ. ಅರವತ್ತು ಸಾವಿರ ಸಾಲು.
ಬಂದೆ ಹೋದೆ ಬಂದೆ ಹೋದೆ.
ನಡುವೆ ಎಲ್ಲೋ ನಿಜವಾದ ಒಂದೇ ಒಂದು ಮಾತು
(ಇಲಿ ಕೇಬಲ್ಲು ಕಡಿದಿತ್ತು),
ಅಂಡಿಗೆಯೊಳಗೆ ಬಚ್ಚಿಟ್ಟ ಕಲ್ಲಿನ ಹಾಗೆ.
ತಡಕಿ ತೆಗೆಯುವಷ್ಟರಲ್ಲಿ ಸಂಜೆ.
ದರ ಕ್ವಿಂಟಲಿಗೆ ಇನ್ನೂರು ಇಳಿದಿತ್ತು.

ಅಂದಿನಿಂದ ರಾತ್ರಿ ಒಂಬತ್ತರ ಮೇಲೆ
ಷಟರ್ ಅರ್ಧ ಇಳಿಸಿ ಕಳೆ ಕೀಳಲು ಕೂತೆ.
ಅಳಿಸುವುದು ಸುಲಭ ಅಂದುಕೊಂಡಿದ್ದೆ.
"ಮೆಮೊರಿ ಸಿಗಲಿಲ್ಲ": ಇದನ್ನು ಕರ್ನಲ್ಲೇ ಕೂಗಿ ಹೇಳುತ್ತದೆ,
ನೀನ್ಯಾಕೆ? ತೆಗೆ.
"ತಪ್ಪಾಗಿದೆ" ತೆಗೆಯಬಾರದು, ಅದಕ್ಕೆ ನಾಲಿಗೆ ಕೊಡಬೇಕು.
ಯಾವ ಪೋರ್ಟು, ಎಷ್ಟು ಬೈಟು ಕೇಳಿದ್ದು, ಎಷ್ಟು ಬಂದದ್ದು.
ಇನ್ನೂರ ಹದಿನೇಳನೇ ಸಾಲಿನಲ್ಲಿ
"ದೇವರೇ, ಈ ಸಲವಾದರೂ" ಎಂದಿತ್ತು.
ಯಾವ ಊರಿನ ಯಾವ ದೇವರೋ.
ಬೆರಳು ಅಲ್ಲೇ ನಿಂತಿತು.
ಎದ್ದು ಹೋಗಿ ಚಹಾ ಕುಡಿದು ಬಂದೆ.

ನನ್ನದೂ ಇತ್ತು ಕೆಳಗೊಂದು, ಹೋದ ವರ್ಷದ್ದು:
"ಉರುಕುಂದ ಇಲ್ಲಿಗೆ ಮುಟ್ಟಿದ."
ಕತ್ತಲಲ್ಲಿ ನಡೆಯುವವನು
ತನಗೇ ಕೇಳಿಸಲೆಂದು ಹಾಕಿದ ಶಿಳ್ಳೆ.
ಎರಡನ್ನೂ ಅಳಿಸಿದೆ. ಮೊದಲು ನನ್ನದು.

ಬೆಳಗ್ಗೆ ಹೊಸದನ್ನು ಹಾಕಿದೆ.
ಪರದೆ ಕಪ್ಪಗೆ, ಬಾಯಿ ಮುಚ್ಚಿಕೊಂಡು.
ಗುಮಾಸ್ತ ತಿಕ್ಕಯ್ಯ ಕನ್ನಡಕ ಒರೆಸಿ ನೋಡಿದರು.
"ಯಾಕೋ ಉರುಕುಂದ, ಸತ್ತೈತೇನು?
ದಿನಾ ಸಾಲು ಓಡ್ತಿದ್ವು,
ಓಡೋದು ನೋಡಿ ಜೀವ ಐತಿ ಅಂತಿದ್ದೆ."
"ನಿಮ್ಮ ಎಡಮೊಣಕಾಲು ಈಗ ಏನಾದ್ರೂ ಅಂತೈತಾ?"
"ಅದ್ಯಾಕಂತದೋ, ನೋಯೋದು ಬಲಗಾಲು."
"ಹಂಗೇ ಇದು."
ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.
ಪರದೆಯನ್ನೊಮ್ಮೆ ಬೆರಳಿಂದ ತಟ್ಟಿದರು.

ಅಷ್ಟರಲ್ಲಿ ಹಮಾಲಿ ಮೊದಲ ಅಂಡಿಗೆ ಇಳಿಸಿ
ಕೂಗಿದ: "ಲಾಭ!"
ಒಂದು ಅನ್ನುವುದಿಲ್ಲ ಇಲ್ಲಿ ಯಾರೂ,
ಕನ್ನಡದವರೂ ಅಷ್ಟೇ, ತೆಲುಗಿನವರೂ ಅಷ್ಟೇ.
ಎಣಿಸಲು ಯಂತ್ರವಿದೆ, ಈ ಕೂಗಿನಿಂದ
ಒಂದು ಗ್ರಾಂ ಹೆಚ್ಚುವುದಿಲ್ಲ, ಇಳಿಯುವುದಿಲ್ಲ.
ಅದು ನನ್ನ ಕಡತದಲ್ಲಿಲ್ಲ, ಸದ್ಯ.

ಒಂದು ಕ್ವಿಂಟಲ್ ಹನ್ನೆರಡು ಕಿಲೋ, ಅಂದಿತು ತಕ್ಕಡಿ.
ಆಮೇಲೆ ಸುಮ್ಮನಾಯಿತು.
"ರೆಂಡು" ಅಂದ ಹಮಾಲಿ,
ಇನ್ನೊಂದಕ್ಕೆ ಬೆನ್ನು ಕೊಡುತ್ತ.