ಜಾಲರಿ

ಮಾಳಿಗೆ ಮೇಲೆ ಒಣಹಾಕಿದರೆ ಮಂಡಕ್ಕಿ ಭಟ್ಟಿಯ ಮಸಿ
ಎಳ್ಳಿನಂತೆ ಉದುರುತ್ತದೆ ಬಿಳಿ ಬಟ್ಟೆಗೆ.
ಅದಕ್ಕೇ ಈ ಡ್ರೈಯರು, ಸೆಕೆಂಡ್ ಹ್ಯಾಂಡು,
ಪಿ.ಜೆ. ಬಡಾವಣೆಯ ಡಾಕ್ಟರ ಮನೆಯದು.
"ದಾವಣಗೆರೆ ಬಿಸಿಲಿಗೆ ಕರೆಂಟು ಬೇರೆ ಬೇಕೇ?"
ನಕ್ಕರು ಎಲ್ಲ. ನಗಲಿ,
ಅವರ ಮನೆ ಭಟ್ಟಿಯಿಂದ ದೂರ.

ರಿಪೇರಿಯ ಖಾಜಾಹುಸೇನ ಹೇಳಿದ್ದು ಇಷ್ಟೇ:
ಪ್ರತಿ ಸಲ ಜಾಲರಿ ಎಳೆದು ಬಳೀರಿ,
ತಿಂಗಳಿಗೊಮ್ಮೆ ಹಿಂದಿನ ಕೊಳವೆ ಬಿಚ್ಚಿರಿ,
ಇಲ್ಲಾಂದ್ರೆ ಭಟ್ಟಿ ಮನೆಯೊಳಗೇ ಬರ್ತದೆ ಅಕ್ಕಾ.

ಇವತ್ತು ಎಳೆದಾಗ ಬಂತು ಬೂದುಬಣ್ಣದ ಹಾಳೆ,
ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ, ಇನ್ನೂ ಬೆಚ್ಚಗೆ.
ಕೆಂಪು ಎಳೆ ಮಗಳ ರಿಬ್ಬನ್ನಿನದು,
ನೀಲಿ ಇವರ ಲುಂಗಿಯದು,
ಒಂದು ನರೆಗೂದಲು ನನ್ನದೇ;
ಒಪ್ಪಲಿಲ್ಲ ತಕ್ಷಣ.

ಬುಟ್ಟಿಗೆ ಎಸೆಯುವಷ್ಟರಲ್ಲಿ
"ತಾ ಇಲ್ಲಿ" ಅಂದರು ಅತ್ತೆ.
ಹತ್ತಿ ಮಿಲ್ಲಿನಲ್ಲಿ ಹನ್ನೊಂದು ವರ್ಷ ದೂಳು ಕುಡಿದವರು,
ಗೇಟು ಮುಚ್ಚಿದ ಮೇಲೂ
ಕೆಮ್ಮು ಒಂದು ಪಾಳಿ ತಪ್ಪಿಸಿಲ್ಲ.
ಎರಡು ಬೆರಳ ನಡುವೆ ಚೂರೇ ಎಳೆದು,
ಹೊಸೆದು, ಬೆಳಕಿಗೆ ಹಿಡಿದು,
"ಎಳೆ ಗಿಡ್ಡ. ನೂಲಾಗಲ್ಲ" ಎಂದರು
ಮಾಲು ವಾಪಸ್ಸು ಕಳಿಸುವ ದನಿಯಲ್ಲಿ.
ನನಗೆ ಮಾತ್ರ ವಾಪಸ್ಸು ಕೊಡಲಿಲ್ಲ.

ಕೊಳವೆಯೊಳಗೆ ಹಳೇ ಬ್ರಷ್ಷು ತೂರಿಸುತ್ತಾ
ಡಾಕ್ಟರ ಮನೆಯ ನಾರು ತೆಗೆಯುತ್ತಿದ್ದೇನೆ ಇನ್ನೂ:
ಗುಲಾಬಿ, ಎಳೆಗುಲಾಬಿ, ಯಾರದೋ ಮಗುವಿನ ಟವೆಲ್ಲು.
ಸಿಕ್ಕಿತು ಒಂದು ಗುಂಡಿಯೂ,
ನಮ್ಮ ಯಾವ ಅಂಗಿಗೂ ಹೊಂದದ್ದು.

ಹೊರಗೆ ಭಟ್ಟಿ ಹೊತ್ತಿಸಿದರು.
ಅತ್ತೆ ಒಂದೇ ಕೈಯಲ್ಲಿ ಕಿಟಕಿ ಹಾಕಿ ಬಂದರು,
ಇನ್ನೊಂದು ಮುಷ್ಟಿ ಬಿಚ್ಚಿಲ್ಲ.