ಮೂರನೇ ತಿರುವು

ಕಾಲೇಜಿನ ಲ್ಯಾಬಿಗೆ ಐದಕ್ಕೇ ಬೀಗ.
ಹಾಗಾಗಿ ನಮ್ಮ ರೋಬೋ ನಡೆಯಲು ಕಲಿತದ್ದು
ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ,
ಮುಬೀನಾಳ ಅಪ್ಪ ಒಲೆ ಆರಿಸಿದ ಮೇಲೆ,
ಚೀಲಗಳನ್ನು ಗೋಡೆಗೆ ಒತ್ತರಿಸಿ.

ಎರಡೂ ಮೋಟರು ಗುಜರಿಯವು,
ಯಾವುದೋ ಬಸ್ಸಿನ ಗಾಜು ಒರೆಸಿ ಒರೆಸಿ ದಣಿದವು.
ಎಡದ್ದು ಚೂರು ಸೋಮಾರಿ.
ಚಕ್ರಕ್ಕೆ ಅಂಜಿನಿ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ.
ಹೆಸರೇನೆಂದು ಫಾರಂ ಕೇಳಿತು.
ಎರಡು ದಿನ ಜಗಳಾಡಿ
'ಇನ್ನೂ ಇಟ್ಟಿಲ್ಲ' ಎಂದು ಬರೆದೆವು.
ಹುಬ್ಬಳ್ಳಿಯ ಮೈಕಿನಲ್ಲಿ ಹಾಗೇ ಕೂಗಿದರು.

ಬಿಳಿ ಬಿಡು, ಕರಿ ಹಿಡಿ:
ಅದಕ್ಕೆ ಕಲಿಸಿದ್ದು ಇಷ್ಟೇ.
ಆದರೆ ಕರಿ ಟೇಪಿನ ಮೇಲೆ ಒಂದು ಮಂಡಕ್ಕಿ ಬಿದ್ದಿದ್ದರೂ
ದಾರಿಯೇ ಮುಗಿಯಿತೆಂದು ನಿಂತುಬಿಡುತ್ತಿತ್ತು.
ಹಾಲೇಶ ಪೊರಕೆ ಹಿಡಿದು
ಅದರ ಮುಂದೆ ಗುಡಿಸುತ್ತ ಹಿಮ್ಮುಖ ನಡೆದ.
ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ ಆ ಮರ್ಯಾದೆ.

ಮೂರನೇ ತಿರುವಿನಲ್ಲಿ ಒಂದು ಕುಳಿ,
ಇಪ್ಪತ್ತು ವರ್ಷ ಬಾಣಲಿ ಇಳಿಸಿ ಬಿದ್ದದ್ದು.
ಅಲ್ಲಿಗೆ ಬಂದರೆ ಮಗುಚಿ,
ಬೆನ್ನ ಮೇಲೆ ಬಿದ್ದ ಜೀರುಂಡೆಯ ಹಾಗೆ
ಗಾಳಿಯಲ್ಲೇ ಚಕ್ರ ತಿರುಗಿಸುತ್ತಿತ್ತು.
ಮರಳು ಜರಡಿ ಹಿಡಿಯುತ್ತಿದ್ದ ಮುಬೀನಾಳ ಅಪ್ಪ
ತಲೆಯೆತ್ತದೆ ಅಂದರು:
"ಓಡಿ ಬಂದ್ರೆ ನಾನೂ ಬೀಳ್ತೀನಿ ಅಲ್ಲಿ.
ನಿಧಾನ ಮಾಡು ಅಂತ ಹೇಳ್ರಿ ಅದಕ್ಕ."

ಹೇಳಿದೆ. ನಾನೇ ಬರೆದ ಒಂದು ಸಾಲು:
ಮೂರನೇ ತಿರುವು ಬಂದರೆ ವೇಗ ಅರ್ಧ.

ಹುಬ್ಬಳ್ಳಿಯ ಸಭಾಂಗಣದ ನೆಲ ಕನ್ನಡಿ,
ಬಗ್ಗಿದರೆ ನಮ್ಮ ಮೂಗು ನಮಗೇ ಕಂಡಿತು.
ಮೊದಲ ತಿರುವು. ಎರಡನೆಯದು.
ಪಕ್ಕದ ತಂಡದವರೂ ಎದ್ದು ನಿಂತರು.
ಮೂರನೆಯದಕ್ಕೆ ಬಂದು ಅದು
ಇಲ್ಲದ ಕುಳಿಗೆ ಮೆಲ್ಲಗೆ ಇಳಿದು
ಮೆಲ್ಲಗೆ ಹತ್ತಿ
ಆಮೇಲೆ ಓಡಿತು.

ನಾಲ್ಕು ಸೆಕೆಂಡು. ಅಷ್ಟಕ್ಕೇ ಐದನೇ ಸ್ಥಾನ.
ಎತ್ತಿಕೊಂಡಾಗ ಅಚ್ಚಿನ ಸಂದಿಯಿಂದ
ಒಂದು ಮಂಡಕ್ಕಿ ಉದುರಿತು.
ತೀರ್ಪುಗಾರರು ಬಗ್ಗಿ ನೋಡಿದರು.
ನಾವು ಬೇರೆ ಕಡೆ ನೋಡಿದೆವು.

ಆ ಸಾಲು ಅಳಿಸಲು ಮರೆತೆ ಎಂದು
ಎಲ್ಲರಿಗೂ ಹೇಳಿದ್ದೇನೆ.

ಬಸ್ಸು ಹರಿಹರ ದಾಟುವಾಗ
ತೊಡೆಯ ಮೇಲಿನ ಅದಕ್ಕೆ ತನ್ನ ಸ್ವೆಟರು ಹೊದಿಸಿ
ಅಂಜಿನಿ ಬಾಯಿ ತೆರೆದು ನಿದ್ದೆಹೋಗಿದ್ದ.

ಇಳಿದವರು ನೇರ ಭಟ್ಟಿಗೆ ಹೋದೆವು.
ಕುಳಿ ಇರಲಿಲ್ಲ.
ಮುಂದಿನ ಸಲಕ್ಕಿರಲಿ ಅಂತ
ಮುಬೀನಾಳ ಅಪ್ಪ ಸಿಮೆಂಟು ಕಲಸಿ ತುಂಬಿದ್ದರು.
ಇನ್ನೂ ಹಸಿ.
ಅದರ ಮೇಲೆ ಆಗಲೇ ಬೆಕ್ಕಿನ ಹೆಜ್ಜೆ,
ಹತ್ತಿರ ಹತ್ತಿರ.